ನಾಣಿಯ ಕಾರಿಗೆ ಬಂದ ಮದುವೆ ಕ್ಯಾಮರಾ

"ಈ ಊರಿನ ಸಮಸ್ತ ಡ್ರೈವರುಗಳ ಬಂಡವಾಳ ಬಯಲು ಮಾಡದಿದ್ದರೆ ನನ್ನ ಹೆಸರು ನಾಣಿಯೇ ಅಲ್ಲ!"

ಹೀಗೆಂದು ನಾಣಿ ಘೋರ ಪ್ರತಿಜ್ಞೆ ಮಾಡಿದ್ದು ಕುರುಕ್ಷೇತ್ರದಲ್ಲಲ್ಲ, ಕೆ.ಆರ್. ಪುರಂನ ತನ್ನ ಮನೆಯ ಗೇಟಿನ ಮುಂದೆ. ಕೈಯಲ್ಲಿದ್ದದ್ದು ಗದೆಯೂ ಅಲ್ಲ, ಆಟೋ ಒಂದಕ್ಕೆ ತಗಲಿ ಬುಡಸಮೇತ ಕಿತ್ತು ಬಂದಿದ್ದ ಮಾರುತಿ ಕಾರಿನ ಕನ್ನಡಿ. ಆ ಗರ್ಜನೆಗೆ ಎದುರು ಮನೆಯ ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕು ಎದ್ದು ಬೇರೆ ಬಡಾವಣೆಗೆ ವಲಸೆ ಹೋಯಿತು. ಇಂದಿಗೂ ಹಿಂದಿರುಗಿಲ್ಲವೆಂದು ಹೇಳುವವರಿದ್ದಾರೆ.

"ನಿಮ್ಮ ಹೆಸರು ಈಗ್ಲೂ ನಾಣಿ ಅಲ್ಲ, ರೇಷನ್ ಕಾರ್ಡಲ್ಲಿ ಲಕ್ಷ್ಮೀನಾರಾಯಣ ಅಂತಿದೆ," ಎಂದಳು ಹೆಂಡತಿ ವೇದಾ. "ಮೊದ್ಲು ಆ ಕನ್ನಡಿ ಕೆಳಗಿಡಿ. ಕೈ ಕುಯ್ಕೊಂಡು ಅದಕ್ಕೂ ಆಟೋದವನೇ ಕಾರಣ ಅಂತೀರಿ."

"ಮತ್ಯಾರು ಕಾರಣ? ನಾನಾ?"

"ರೀ, ಅವನು ನಿಂತಿದ್ದ. ನೀವು ಹೋಗ್ತಾ ಇದ್ರಿ."

"ನಿಂತಿದ್ದೇ ತಪ್ಪು! ನಾನು ಹೋಗೋ ಕಡೆ ಅವನ್ಯಾಕೆ ನಿಂತ್ಕೋಬೇಕು?"

ಈ ತರ್ಕಕ್ಕೆ ಉತ್ತರ ಹೇಳಲು ಬೃಹಸ್ಪತಿಯೇ ಇಳಿದು ಬರಬೇಕಿತ್ತು. ಆತ ಬರಲಿಲ್ಲ, ಬಹುಶಃ ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಿರಬೇಕು. ಅದು ಕೆ.ಆರ್. ಪುರಂನ ತೂಗುಸೇತುವೆ ಇನ್ನೂ ಅರ್ಧಂಬರ್ಧ ತೂಗುತ್ತಿದ್ದ ಕಾಲ. ಗೇಟು ಒಮ್ಮೆ ಬಿದ್ದಿತೆಂದರೆ, ಅದು ಏಳುವಷ್ಟರಲ್ಲಿ ಲಾರಿ ಡ್ರೈವರು ಅಡಿಗೆ ಮಾಡಿ ಉಂಡು ಪಾತ್ರೆ ತೊಳೆದಿಡುತ್ತಿದ್ದ. ಕೋಲಾರದ ಕಡೆಯಿಂದ ಹಸಿರು ಬಾಳೆಗೊನೆ ಹೇರಿಕೊಂಡು ಬಂದ ಟೆಂಪೋ, ಮಾರ್ಕೆಟ್ಟಿನಲ್ಲಿ ಕಳಿತ ಹಣ್ಣು ಇಳಿಸುತ್ತಿತ್ತು.

ನಾಣಿ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದ. ಬೇರೆಯವರು ಮಾಡಿದ ಮಾಲಿನಲ್ಲಿ ತಪ್ಪು ಹುಡುಕಿ ಕೆಂಪು ಬಣ್ಣ ಬಳಿಯುವುದೇ ಅವನ ಉದ್ಯೋಗ. ಸಂಜೆ ಪಾಳಿ ಮುಗಿದರೂ ಆ ಚಟ ಮಾತ್ರ ಅವನ ಜೊತೆಯಲ್ಲೇ ಕಾರು ಹತ್ತಿ ಮನೆಗೆ ಬರುತ್ತಿತ್ತು. ಅವನ ಪ್ರಕಾರ ಬೆಂಗಳೂರಿನಲ್ಲಿ ಗಾಡಿ ಓಡಿಸಲು ಬರುವವನು ಒಬ್ಬನೇ. ಮಿಕ್ಕವರೆಲ್ಲ ಅವನಿಗೆ ಅಡ್ಡ ಬರಲೆಂದೇ ಬೆಳಿಗ್ಗೆ ಎದ್ದು, ಮಿಂದು, ತಿಂಡಿ ತಿಂದು ಹೊರಟವರು.

ಇದರಿಂದ ತೊಂದರೆಯಾಗಿದ್ದು ವೇದಾಳಿಗೆ. ಅವಳು ಹಲಸೂರಿನ ಶಾಲೆಯೊಂದರಲ್ಲಿ ಟೀಚರು. ಡ್ರೈವಿಂಗ್ ಸ್ಕೂಲಿಗೆ ಸೇರಿ, ಕ್ರಮವಾಗಿ ಕಲಿತು, ಇಂದಿರಾನಗರದ ಆರ್‌ಟಿಒ ಆಫೀಸಿನಲ್ಲಿ ರಿವರ್ಸ್ ಹಾಕಿ ತೋರಿಸಿ ಲೈಸೆನ್ಸ್ ತಂದವಳು. ಆ ಲೈಸೆನ್ಸು ಬೀರುವಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿತ್ತು. ಲೈಸೆನ್ಸಿನ ಒಡತಿ ಬಸ್ಸಿನ ಕಂಬಿಗೆ ಜೋತುಬಿದ್ದು, ಮಕ್ಕಳ ಉತ್ತರಪತ್ರಿಕೆಗಳ ಚೀಲವನ್ನು ಅಪರಿಚಿತರ ತೊಡೆಯ ಮೇಲಿಟ್ಟು, ದಿನಾ ಹೋಗಿ ಬರುತ್ತಿದ್ದಳು. ಮಾರುತಿ ಮಾತ್ರ ನಡೆದೇ ಹೋಗಬಹುದಾದಷ್ಟು ಹತ್ತಿರವಿದ್ದ ಕಾರ್ಖಾನೆಯ ಬೇವಿನ ಮರದಡಿ ದಿನವಿಡೀ ವಿಶ್ರಾಂತಿ ಪಡೆಯುತ್ತಿತ್ತು.

"ಕೀ ಕೊಡ್ರೀ," ಎಂದು ಅವಳು ಕೇಳಿದಾಗಲೆಲ್ಲ ನಾಣಿಯ ಉತ್ತರ ಒಂದೇ. "ನಿನಗೆ ಓಡಿಸೋಕೆ ಬರಲ್ಲ ಅಂತಲ್ಲ ವೇದಾ. ಉಳಿದವರಿಗೆ ಬರಲ್ಲ! ಈ ಹುಚ್ಚರ ಸಂತೆಯೊಳಗೆ ನಿನ್ನ ಹೇಗೆ ಬಿಡಲಿ?"

ಕನ್ನಡಿ ಕಿತ್ತ ದಿನ ವೇದಾಳ ಸಹನೆಯೂ ಕಿತ್ತಿತು.

"ಹುಚ್ಚರು ಅವರೋ ನೀವೋ ಗೊತ್ತಾಗಲಿ ಬಿಡಿ. ಸಾಕ್ಷಿ ತೋರಿಸಿ."

"ತೋರಿಸ್ತೀನಿ! ಕಾರೊಳಗೆ ವಿಡಿಯೋ ಕ್ಯಾಮರಾ ಕೂರಿಸ್ತೀನಿ. ಇಲ್ಲಿಂದ ಶಿವಾಜಿನಗರದ ತನಕ ಒಂದೇ ಒಂದು ಟ್ರಿಪ್. ಎಲ್ಲಾರ ಜಾತಕ ಕ್ಯಾಸೆಟ್ಟಿಗೆ ಇಳಿಸ್ತೀನಿ."

"ತಪ್ಪು ಅವರದ್ದು ಅಂತ ಬಂದ್ರೆ ನಾನು ಜನ್ಮದಲ್ಲಿ ಕೀ ಕೇಳಲ್ಲ. ಲೈಸೆನ್ಸ್ ತಗೊಂಡ್ಹೋಗಿ ಹಲಸೂರು ಕೆರೆಗೆ ಹಾಕ್ತೀನಿ. ನಿಮ್ಮದು ಅಂತ ಬಂದ್ರೆ ಕೀ ನಂದು. ಡೂಪ್ಲಿಕೇಟ್ ಸಮೇತ."

"ಆಯ್ತು!"

"ತೀರ್ಪು ಯಾರು ಹೇಳೋದು? ನೀವು ಹೇಳಿದ್ರೆ ಕ್ಯಾಮರಾಕ್ಕೇ ಕೆಂಪು ಬಣ್ಣ ಬಳೀತೀರಿ."

ನ್ಯಾಯಾಧೀಶರು ಪಕ್ಕದ ಮನೆಯಲ್ಲೇ ಸಿಕ್ಕಿದರು. ಹಾವೇರಿ ಕಡೆಯ ಚಂದ್ರಶೇಖರಯ್ಯನವರು ವಿಮಾ ಆಫೀಸಿನಲ್ಲಿ ಮೋಟಾರು ಅಪಘಾತದ ಕ್ಲೇಮುಗಳನ್ನೇ ಜೀವಮಾನವೆಲ್ಲ ನೋಡಿ ನಿವೃತ್ತರಾದವರು. ಬಗ್ಗಿದ ಬಂಪರನ್ನು ಒಮ್ಮೆ ಸವರಿ, ಡಿಕ್ಕಿಯಾದಾಗ ಡ್ರೈವರು ಯಾವ ಕಡೆ ನೋಡುತ್ತಿದ್ದನೆಂದು ಹೇಳಬಲ್ಲರೆಂದು ಪ್ರತೀತಿ.

"ನೋಡ್ರಿ ನಾಣಿಯವರ," ಎಂದರು ಅವರು. "ಗಾಡಿ ಸುಳ್ಳು ಹೇಳೂದಿಲ್ಲ. ಗಾಡಿ ಮಾಲಕ ಹೇಳ್ತಾನ. ಕ್ಯಾಸೆಟ್ ತರ್ರಿ, ನೋಡೂಣು."

ಇನ್ನು ಕ್ಯಾಮರಾ. ಅಂಗೈಯಗಲದ ಕ್ಯಾಮರಾಗಳು ಆಗಲೂ ಇದ್ದವು, ಆದರೆ ಫಾರಿನ್ನಿಂದ ಬಂದವರ ಕುತ್ತಿಗೆಯಲ್ಲಿ. ನಾಣಿಯ ಪಾಲಿಗಿದ್ದದ್ದು ಭಾವಮೈದ ಶ್ರೀಹರಿ. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಅವನದು ಮದುವೆ ವಿಡಿಯೋ ಅಂಗಡಿ. ಅದು ಆಷಾಢ ಮಾಸ. ಊರಿನಲ್ಲಿ ಒಂದೂ ಮದುವೆಯಿಲ್ಲ. ಕ್ಯಾಮರಾ ಮೂಲೆಯಲ್ಲಿ ಹೊದ್ದು ಮಲಗಿತ್ತು, ಶ್ರೀಹರಿ ಅದರ ಪಕ್ಕದಲ್ಲಿ.

"ತಗೊಂಡ್ಹೋಗಿ ಭಾವ, ಅದಕ್ಕೂ ಸ್ವಲ್ಪ ಗಾಳಿ ಆಡಲಿ," ಎಂದ ಶ್ರೀಹರಿ. "ಆದ್ರೆ ಲೈಟ್ ಇಲ್ದೆ ಕ್ಯಾಮರಾ ಕೊಡಲ್ಲ."

"ಹಗಲು ಹೊತ್ತು ಲೈಟ್ ಯಾಕೋ?"

"ಮೋಡ ಭಾವ. ಮುಖ ಕಪ್ಪು ಬಂದ್ರೆ ನನ್ನ ಅಂಗಡಿ ಹೆಸರು ಏನಾಗ್ಬೇಕು?"

ಕ್ಯಾಮರಾ ಎಂದರೆ ಹೆಗಲ ಮೇಲೆ ಹೊರುವ ಹಳೆಯ ಕಾಲದ್ದು. ಗಾತ್ರದಲ್ಲಿ ಎಳೆಗರು, ತೂಕದಲ್ಲಿ ಅದರ ತಾಯಿ! ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಕ್ಯಾಮರಾಕ್ಕೆ ರಸ್ತೆ ಕಾಣುತ್ತಿತ್ತು, ನಾಣಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ನಾಣಿ ಕಾರನ್ನು ಶಿವಾಜಿನಗರದ ಇನಾಯತ್ ಉಲ್ಲಾನ ವೆಲ್ಡಿಂಗ್ ಅಂಗಡಿಗೆ ಒಯ್ದ.

ಇನಾಯತ್ ಉಲ್ಲಾ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಎಡಗಡೆಯ ಮುಂದಿನ ಸೀಟನ್ನು ತಟ್ಟಿ, "ಈ ಸೀಟಲ್ಲಿ ಯಾರು ಕೂತ್ಕೊತಾರೆ ಸಾಬ್?" ಎಂದು ಕೇಳಿದ.

"ನನ್ನ ಹೆಂಡತಿ."

"ತೆಗೆದ್ಬಿಡೋಣ."

"ಯಾರನ್ನ?"

"ಸೀಟನ್ನ ಸಾಬ್! ಬೇಗಂ ಸಾಹೇಬಾ ಹಿಂದೆ ಆರಾಮಾಗಿ ಕೂತ್ಕೊಳ್ಳಲಿ. ಇಲ್ಲಿ ಒಂದು ಸ್ಟ್ಯಾಂಡ್ ಹಾಕ್ತೀನಿ ನೋಡಿ, ಆನೇನ ತಂದು ನಿಲ್ಲಿಸಿ, ಹಿಲೇಗಾ ನಹೀ, ಅಲ್ಲಾಡಲ್ಲ!"

ಅವನು ಮಾತಿಗೆ ತಪ್ಪಲಿಲ್ಲ. ಲಾರಿಯ ಚಾಸಿಯಿಂದ ಬಂದ ಕಬ್ಬಿಣವನ್ನು ಕಿಡಿ ಹಾರಿಸಿ ಬೆಸೆದು, ಸೀಟಿದ್ದ ಜಾಗದಲ್ಲಿ ಬೋಲ್ಟು ಜಡಿದು ಒಂದು ಸಿಂಹಾಸನವನ್ನೇ ಸ್ಥಾಪಿಸಿದ. ಸ್ಟ್ಯಾಂಡು ಕೂತಿತು; ಕಾರು ಎಡಕ್ಕೆ ವಾಲಿತು. ದೀಪಕ್ಕೆ ಕಾರಿನ ಬ್ಯಾಟರಿಯಿಂದಲೇ ವೈರು ಎಳೆದ. "ಸಾಬ್, ಈಗ ಇದನ್ನ ತಗೊಂಡು ಚಂದ್ರಲೋಕಕ್ಕೆ ಹೋಗಿ!" ಎಂದ. ಹಲಸೂರು ದಾಟಿದರೆ ಸಾಕಾಗಿತ್ತು ನಾಣಿಗೆ.

ಶನಿವಾರ ಬೆಳಿಗ್ಗೆ ದಂಡಯಾತ್ರೆ ಹೊರಟಿತು. ಶ್ರೀಹರಿ ಬಂದು ಕ್ಯಾಮರಾವನ್ನು ಸಿಂಹಾಸನದ ಮೇಲೆ ಕೂರಿಸಿ, ಸೀಟ್ ಬೆಲ್ಟನ್ನೂ ಹಾಕಿ, ಮೇಲೆ ಮದುವೆಮನೆಯ ಆ ದೊಡ್ಡ ದೀಪ ಸಿಕ್ಕಿಸಿ, ಗುಂಡಿ ಒತ್ತಿ ಹೊರಟುಹೋದ. ತನ್ನ ಜಾಗದಲ್ಲಿ ಸವತಿಯಂತೆ ಬೀಗುತ್ತ ಕೂತ ಕ್ಯಾಮರಾವನ್ನು ವೇದಾ ಹಿಂದಿನ ಸೀಟಿನಿಂದ ನೋಡಿದಳು. ಸ್ಟ್ಯಾಂಡಿನ ಕಾಲು ಅವಳ ಮೊಣಕಾಲಿಗೆ ಒತ್ತುತ್ತಿತ್ತು.

"ಹದಿನಾರು ವರ್ಷದಲ್ಲಿ ನನಗೆ ಒಂದು ದಿನ ಬೆಲ್ಟ್ ಹಾಕಿದೀರಾ?"

"ಶ್! ಧ್ವನಿ ರೆಕಾರ್ಡ್ ಆಗ್ತಿದೆ. ಎವಿಡೆನ್ಸು!"

ದೀಪ ಹೊತ್ತಿತು. ಆ ಬೆಳಕಿಗೆ ಬೀದಿಯ ಕೋಳಿಯೊಂದು ಎರಡನೆಯ ಸಲ ಬೆಳಗಾಯಿತೆಂದು ಕೂಗಿತು.

ರೈಲ್ವೆ ಗೇಟು ಬಿದ್ದಿತ್ತು. ನಾಣಿಗೆ ಹಬ್ಬ! ಏಕೆಂದರೆ ನಮ್ಮ ಜನ ಗೇಟಿನಲ್ಲಿ ಎಡಗಡೆ ಸಾಲಾಗಿ ನಿಲ್ಲುವವರಲ್ಲ. ಬಲಗಡೆಯನ್ನೂ ತುಂಬಿ, ಮೋರಿಯ ಮೇಲೂ ಹತ್ತಿ, ಎದುರಿನವರೂ ಅದನ್ನೇ ಮಾಡಿ, ಗೇಟು ಎದ್ದಾಗ ಎರಡು ಸೈನ್ಯಗಳು ಮುಖಾಮುಖಿ ನಿಲ್ಲುತ್ತವೆ. ಇದು ಅನೂಚಾನವಾಗಿ ನಡೆದುಬಂದ ಸಂಪ್ರದಾಯ.

"ನೋಡ್ತಿರು ಈಗ. ಆ ಆಟೋ ಬಲಗಡೆಯಿಂದ ನುಗ್ತಾನೆ," ಎಂದ ನಾಣಿ. ಆಟೋ ನುಗ್ಗಿತು. ನಾಣಿಯ ಎದೆ ಅರಳಿತು. ಅಷ್ಟರಲ್ಲಿ ಆಟೋದವನ ಕಣ್ಣು ದೀಪದ ಮೇಲೆ ಬಿತ್ತು, ದೀಪದ ಕೆಳಗಿನ ಕ್ಯಾಮರಾದ ಮೇಲೆ ಬಿತ್ತು. ಅವನು ಜೇಬಿನಿಂದ ಬಾಚಣಿಗೆ ತೆಗೆದ. ತಲೆ ಬಾಚಿದ. ಕಾಲರ್ ಸರಿಪಡಿಸಿಕೊಂಡ. ಆಮೇಲೆ, ಬೆಂಗಳೂರಿನ ಇತಿಹಾಸದಲ್ಲಿ ಹಿಂದೆಂದೂ ಯಾರೂ ಕಂಡಿರದ ದೃಶ್ಯ, ಆಟೋವನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಎಡಗಡೆಯ ಸಾಲಿನ ತುದಿಯಲ್ಲಿ ನಿಲ್ಲಿಸಿದ!

"ಯಾವ ಸೀರಿಯಲ್ ಸಾರ್?" ಎಂದು ಕೂಗಿ ಕೇಳಿದ.

ಸುದ್ದಿ ಸಾಲಿನುದ್ದಕ್ಕೂ ಹಬ್ಬಿತು. ಟಿವಿಯವರು ಬಂದಿದ್ದಾರೆ! ಲಾರಿ ಡ್ರೈವರು ಬೀಡಿ ಆರಿಸಿ ಕೈಮುಗಿದ. ಸ್ಕೂಟರಿನವರು ಹೆಲ್ಮೆಟ್ಟನ್ನು ಮೊಣಕೈಯಿಂದ ತೆಗೆದು ತಲೆಗೆ ಹಾಕಿಕೊಂಡರು. ಮುಖ ಕಾಣುವುದಿಲ್ಲವೆಂದು ಹೊಳೆದು ಮತ್ತೆ ತೆಗೆದರು. ಬಲಗಡೆಯ ರಸ್ತೆ ತೊಳೆದಿಟ್ಟ ಊಟದ ಎಲೆಯಂತೆ ಖಾಲಿಯಾಯಿತು.

ಖಾಲಿ ರಸ್ತೆ ಕಂಡ ನಾಣಿಯ ಕೈ ಅವನನ್ನು ಕೇಳಲಿಲ್ಲ. ಸ್ಟಿಯರಿಂಗ್ ತಾನಾಗಿ ಬಲಕ್ಕೆ ತಿರುಗಿತು.

"ರೀ, ಎಲ್ಲಿಗೆ?"

"ಜಾಗ ವೇಸ್ಟ್ ಆಗ್ತಿದೆ ವೇದಾ! ಇಷ್ಟೂ ಜನ ಮಂಗಗಳ ಹಾಗೆ ನಿಂತಿದಾರಲ್ಲ, ಯಾರಿಗಾದ್ರೂ ಬುದ್ಧಿ ಇದೆಯಾ?"

ಗೇಟು ಎದ್ದಿತು. ನಾಣಿಯ ಎದುರಿಗೆ ಬಸ್ಸು! ಅವನು ತಲೆ ಹೊರಗೆ ಹಾಕಿ, "ಏಯ್, ಕಣ್ಣು ಡಿಪೋದಲ್ಲಿ ಬಿಟ್ಟು ಬಂದಿದೀಯಾ?" ಎಂದು ಅರಚಿದ. ಬಸ್ಸಿನ ಡ್ರೈವರು ಕ್ಯಾಮರಾ ನೋಡಿ ಮಂದಹಾಸ ಬೀರಿದ. ಕಂಡಕ್ಟರು ಇಳಿದು, ಸೀಟಿ ಊದಿ ಊದಿ, ಬಸ್ಸನ್ನು ಹಿಂದಕ್ಕೆ ಕಳಿಸಿ ನಾಣಿಗೆ ದಾರಿ ಮಾಡಿಕೊಟ್ಟ. ಕಿಟಕಿಗಳಿಂದ ಪ್ರಯಾಣಿಕರು ಕೈಬೀಸಿದರು.

"ಬಿಡುಗಡೆಯಾದ ಕೈದಿಗೆ ಕೈ ಬೀಸ್ದಂಗೆ ಬೀಸ್ತಾರಲ್ಲ!" ನಾಣಿ ಹಲ್ಲು ಕಡಿದ. "ಯಾರೋ ಇವರಿಗೆ ಮೊದ್ಲೇ ಹೇಳಿಟ್ಟಿದಾರೆ."

ಟಿನ್ ಫ್ಯಾಕ್ಟರಿ ಹತ್ತಿರ ಜನ ಜೀಬ್ರಾ ಪಟ್ಟೆಯ ಮೇಲೆ ದಾಟುತ್ತಿದ್ದರು. ಅಲ್ಲೊಂದು ಪಟ್ಟೆಯಿದೆ ಎಂಬುದೇ ನಾಣಿಗೆ ಅಂದು ಗೊತ್ತಾದದ್ದು. ಹಾರ್ನ್ ಒತ್ತಿದ. ಮುದುಕಿಯೊಬ್ಬಳು ನಿಂತು, ಸೆರಗು ಸರಿಮಾಡಿಕೊಂಡು, ಕ್ಯಾಮರಾಕ್ಕೆ ಆಶೀರ್ವಾದ ಮಾಡಿ ಮುಂದೆ ಹೋದಳು. ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಇದೇ ಗೋಳು. ಎಡಗಡೆಯಿಂದ ನುಗ್ಗಬೇಕಾದವರು ನುಗ್ಗಲಿಲ್ಲ. ಬಸ್ಸುಗಳು ನಿಲ್ದಾಣದಲ್ಲಿಯೇ ನಿಂತವು! ಹಸುಗಳು ಕೂಡ ರಸ್ತೆಯ ಅಂಚಿನಲ್ಲಿ ಕುಲೀನರಂತೆ ನಡೆದವು. ನಾಣಿ ಸ್ಟಿಯರಿಂಗ್ ಗುದ್ದಿದ. ಇಷ್ಟು ವರ್ಷ ತನ್ನ ರಕ್ತದೊತ್ತಡವನ್ನು ಕಾಪಾಡಿಕೊಂಡು ಬಂದಿದ್ದ ಈ ಊರು ಇವತ್ತು, ಬೇಕಾದ ಹೊತ್ತಿಗೆ, ಕೈಕೊಡುವುದೇ? ಸಿಟ್ಟಿಗೆ ಇನ್ನೂ ಜೋರಾಗಿ ಓಡಿಸಿದ, ಇನ್ನೂ ಉದ್ದಕ್ಕೆ ಹಾರ್ನ್ ಒತ್ತಿದ, ದಾರಿ ಬಿಟ್ಟವರನ್ನು ಬಿಟ್ಟದ್ದಕ್ಕೇ ಬೈದ.

"ಕೆಂಪು ದೀಪ ಕಣ್ರೀ!" ಎಂದಳು ವೇದಾ, ಹಲಸೂರಿನ ಸಿಗ್ನಲ್ಲಿನಲ್ಲಿ.

"ಈಗ ತಾನೇ ಕೆಂಪಾಯ್ತು. ಹಸಿ ಕೆಂಪು. ಲೆಕ್ಕಕ್ಕಿಲ್ಲ."

ನಡುರಸ್ತೆಯಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ನಾಣಿ ಪಟ್ಟೆಯ ಮೇಲೆಯೇ ಗಕ್ಕನೆ ನಿಲ್ಲಿಸಿದ. ಪೊಲೀಸಿನವರು ಕಾರಿನೊಳಗಿನ ದೀಪ ನೋಡಿದರು. ಟೋಪಿ ನೆಟ್ಟಗೆ ಮಾಡಿದರು. ಹೊಟ್ಟೆಯನ್ನು ಒಳಗೆಳೆದು, ಕಿಟಕಿಯ ಬಳಿ ಬಗ್ಗಿ ಮೆಲ್ಲಗೆ ಕೇಳಿಕೊಂಡರು:

"ಸಾರ್, ನನ್ನನ್ನ ಎಡಗಡೆಯಿಂದ ತೆಗೀರಿ. ಬಲಗಡೆ ಹಲ್ಲು ನೋವು, ಕೆನ್ನೆ ಊದ್ಕೊಂಡಿದೆ."

ಹಾಗೆಂದು ಎಡಗೆನ್ನೆ ಕೊಟ್ಟು ಸೆಲ್ಯೂಟು ಹೊಡೆದು ನಿಂತೇಬಿಟ್ಟರು.

ನಾಣಿಯ ತಾಳ್ಮೆಯ ಕೊನೆಯ ಎಳೆಯೂ ಹರಿಯಿತು. ಪಕ್ಕದಲ್ಲಿ ಆಟೋ ಒಂದು ಪಟ್ಟೆಗಿಂತ ಒಂದು ಗೇಣು ಹಿಂದೆಯೇ ಶಿಸ್ತಾಗಿ ನಿಂತಿತ್ತು. ಅವನು ಕಾರಿನಿಂದ ಇಳಿದು ಹೋಗಿ ಆಟೋದ ಮುಂದೆ ನಿಂತ. ಕ್ಯಾಮರಾದ ಕಣ್ಣಿಗೆ ಸರಿಯಾಗಿ ಎದುರು!

"ಏನಯ್ಯಾ, ಯಾಕೆ ನಿಂತಿದೀಯ?"

"ಸಿಗ್ನಲ್ ಸಾರ್."

"ದಿನಾ ನುಗ್ತೀಯಲ್ಲ! ಇವತ್ತೇನು ರೋಗ? ನುಗ್ಗು!"

"ಬೇಡ ಸಾರ್. ನೀವು ದೊಡ್ಡೋರು, ಮೊದ್ಲು ಹೋಗಿ."

"ದೊಡ್ಡೋರಂತೆ! ನಾಟಕ ಆಡ್ತೀಯಾ? ನುಗ್ಗಯ್ಯಾ ಅಂದ್ರೆ! ಮರ್ಯಾದೆಯಾಗಿ ಎಡಗಡೆಯಿಂದ ನುಗ್ತೀಯೋ ಇಲ್ವೋ?"

"ಸಾರ್, ಇದು ಡೈಲಾಗಾ? ನಾನೇನಾದ್ರೂ ಹೇಳ್ಬೇಕಾ?" ಎಂದು ಆಟೋದವನು ವಿನಯದಿಂದ ಕೇಳಿದ.

ಹಸಿರು ದೀಪ ಬಂತು. ನಾಣಿ ಧುಮುಗುಟ್ಟುತ್ತ ಬಂದು ಕೀ ತಿರುಗಿಸಿದ. ಕಾರು ಒಮ್ಮೆ ಕೆಮ್ಮಿತು. ಒಮ್ಮೆ ನಿಟ್ಟುಸಿರು ಬಿಟ್ಟಿತು. ಆಮೇಲೆ ಮೌನ. ಆ ಮದುವೆ ದೀಪ ಗೇಟಿನಿಂದ ಹಲಸೂರಿನ ತನಕ ಬ್ಯಾಟರಿಯ ರಕ್ತವನ್ನೆಲ್ಲ ಹೀರಿ, ತಾನೂ ಮಿಣುಕಿ ನಂದಿತು. ತನ್ನದೇ ಬ್ಯಾಟರಿಯಿದ್ದ ಕ್ಯಾಮರಾ ಮಾತ್ರ ಕೆಂಪು ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ನೋಡುತ್ತಲೇ ಇತ್ತು.

ನಾಣಿ ಬೈದಿದ್ದ ಆಟೋದವನೇ ಮೊದಲು ಇಳಿದ. ಅವನ ಹಿಂದೆ ಇನ್ನಷ್ಟು ಜನ. ಪೊಲೀಸಿನವರು ಎಡಗೆನ್ನೆಯನ್ನು ಕಾಪಾಡಿಕೊಳ್ಳುತ್ತಲೇ ಕೈ ಹಾಕಿದರು. ಎಲ್ಲರೂ ಕಾರಿನ ಮುಂದೆ ನಿಂತು, ಕ್ಯಾಮರಾಕ್ಕೆ ಮುಖ ಕೊಟ್ಟು, ನಗುನಗುತ್ತ ತಳ್ಳಿದರು. ಹೀಗಾಗಿ ಕಾರು ಹಿಂದಕ್ಕೆ ಹೋಯಿತು!

"ಹಿಂದಿನಿಂದ ತಳ್ರಯ್ಯಾ ಕೋಣಗಳಾ! ಇದೇನು ಎಮ್ಮೆನಾ?" ಎಂದು ನಾಣಿ ಸ್ಟಿಯರಿಂಗ್ ಹಿಡಿದು ಬೊಬ್ಬೆ ಹೊಡೆದ.

"ಹಿಂದೆ ಹೋದ್ರೆ ನಾವು ಕಾಣಲ್ವಲ್ಲಾ ಸಾರ್!" ಎಂಬ ಸಾಮೂಹಿಕ ಅಹವಾಲು ಬಂತು.

ಅಂತೂ ವೇದಾ ಇಳಿದು, ತಳ್ಳುವವರಿಗೆಲ್ಲ ಕೈಮುಗಿದು ಹಿಂದಕ್ಕೆ ಕರೆದೊಯ್ದ ಮೇಲೆ ಕಾರು ಮುಂದಕ್ಕೆ ಚಲಿಸಿ, ಸ್ಟಾರ್ಟಾಗಿ, ಶಿವಾಜಿನಗರ ಸೇರಿತು.

ನಾಣಿ ಪೆದ್ದನಲ್ಲ. ಕ್ಯಾಸೆಟ್ಟನ್ನು ಇದ್ದಕ್ಕಿದ್ದಂತೆ ತೋರಿಸಿದರೆ ಇಡೀ ಊರೇ ಸಭ್ಯರ ಸಂತೆಯಾಗಿ ಕಾಣುತ್ತದೆಂದು ಅವನಿಗೆ ತಿಳಿದಿತ್ತು. ಅದನ್ನು ಶ್ರೀಹರಿಯ ಕೈಗೆ ಕೊಟ್ಟು ಗುಟ್ಟಾಗಿ ಹೇಳಿದ: "ನೋಡು, ಕೈ ಮುಗಿಯೋದು, ದಾರಿ ಬಿಡೋದು, ನಗೋದು, ಎಲ್ಲ ಕಟ್ ಮಾಡು. ಎಲ್ಲೆಲ್ಲಿ ತಪ್ಪು ನಡೆದಿದೆಯೋ ಅಷ್ಟು ಮಾತ್ರ ಇಡು. ತಪ್ಪು ಮಾಡಿದವನನ್ನ ಚೆನ್ನಾಗಿ ಎತ್ತಿ ತೋರಿಸು. ಧ್ವನಿ ಮಾತ್ರ ಮುಟ್ಟಬೇಡ."

"ನನ್ನ ಮಿಕ್ಸಿಂಗ್ ಬಗ್ಗೆ ನೀವು ಯೋಚನೇನೇ ಮಾಡ್ಬೇಡಿ ಭಾವ," ಎಂದ ಶ್ರೀಹರಿ. ಆಷಾಢದಲ್ಲಿ ಸಿಕ್ಕ ಏಕೈಕ ಕೆಲಸ. ಅವನ ಬೆರಳುಗಳು ತುರಿಸುತ್ತಿದ್ದವು.

ನಾಣಿಯ ಮನೆಯಲ್ಲಿ ವಿಸಿಆರ್ ಇರಲಿಲ್ಲ. ಭಾನುವಾರ ಮಧ್ಯಾಹ್ನ ಚಂದ್ರಶೇಖರಯ್ಯನವರ ಹಾಲ್‌ನಲ್ಲೇ ಪ್ರದರ್ಶನ. ಕ್ಯಾಸೆಟ್ಟು ಬಂದಿದೆ ಎಂದರೆ ಮದುವೆಯದ್ದೇ ಇರಬೇಕೆಂದು ಬೀದಿಯ ಹೆಂಗಸರೆಲ್ಲ ಬಂದು ಚಾಪೆ ತುಂಬಿದರು. ಚಂದ್ರಶೇಖರಯ್ಯನವರ ಹೆಂಡತಿ ಕಮಲವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿ ಹಂಚಿದರು.

"ಯಾರ ಲಗ್ನರೀ ವೇದಾ?"

"ಲಗ್ನ ಅಲ್ಲ ಕಮಲವ್ವ. ಡಿವೋರ್ಸು. ಕಾರಿಗೂ ಇವರಿಗೂ."

ಪರದೆಯ ಮೇಲೆ ಮೊದಲು ಗಣಪತಿ ಬಂದ. ನಾದಸ್ವರ ಮೊಳಗಿತು. ಗುಲಾಬಿ ಹೂಗಳು ಸುರಿದು, ಅವುಗಳ ನಡುವಿನಿಂದ ಬಂಗಾರದ ಅಕ್ಷರಗಳು ಎದ್ದವು: 'ಶುಭ ಪ್ರಯಾಣ'. ನಾಣಿ ಮಿರ್ಚಿ ಕಚ್ಚಿದವನು ನುಂಗುವುದನ್ನು ಮರೆತ.

ಮೊದಲ ದೃಶ್ಯದಲ್ಲಿ ರೈಲ್ವೆ ಗೇಟು. ಖಾಲಿಯಾದ ಬಲಗಡೆಯ ರಸ್ತೆಗೆ ಮಾರುತಿಯ ಮೂತಿ ನುಗ್ಗುತ್ತಿದೆ. "ಇಷ್ಟೂ ಜನ ಮಂಗಗಳ ಹಾಗೆ ನಿಂತಿದಾರಲ್ಲ!" ಎಂದು ನಾಣಿಯ ಕಂಠ, ಸ್ಫುಟವಾಗಿ. ಕಿಟಕಿಯಿಂದ ಚಾಚಿದ ನಾಣಿಯ ಕೈ ಒಂದು ಹೃದಯದಾಕಾರದ ಚೌಕಟ್ಟಿನೊಳಗೆ ಸಿಕ್ಕಿ ಗಿರಗಿರನೆ ತಿರುಗಿತು. ಅವನು ಹಾರ್ನ್ ಒತ್ತಿದಾಗಲೆಲ್ಲ ಪರದೆಯ ಮೇಲೆ ನಕ್ಷತ್ರಗಳು ಸಿಡಿದವು. ಹಲಸೂರಿನ ಕೆಂಪು ದೀಪದಲ್ಲಂತೂ ಬಾಣಬಿರುಸು!

ಆಮೇಲೆ ಬಂತು ಮುಖ್ಯ ಘಟ್ಟ. ಮದುವೆ ವಿಡಿಯೋದವರು ತಾಳಿ ಕಟ್ಟುವುದನ್ನು ಒಂದೇ ಸಲ ತೋರಿಸಿ ಬಿಡುವುದಿಲ್ಲವಷ್ಟೆ? ನಾಣಿ ಆಟೋದ ಮುಂದೆ ನಿಂತು "ನುಗ್ಗಯ್ಯಾ ಅಂದ್ರೆ!" ಎಂದು ಕೈ ಎತ್ತಿದ್ದನ್ನು ಶ್ರೀಹರಿ ಮೊದಲು ಸಹಜವಾಗಿ, ಆಮೇಲೆ ನಿಧಾನಗತಿಯಲ್ಲಿ, ಆಮೇಲೆ ಎರಡು ಹಂಸಗಳ ನಡುವೆ, ಗಟ್ಟಿಮೇಳದ ಸಮೇತ ತೋರಿಸಿದ. ಬಾಯಿ ತೆರೆದ ನಾಣಿಯ ಮುಖ ಪರದೆ ತುಂಬ ಸ್ತಬ್ಧವಾಗಿ ನಿಂತಿತು. ಮೇಲಿನಿಂದ ಅಕ್ಷತೆ ಉದುರಿತು.

"ಅಯ್ಯ! ನೋಡಾಕ ಎಷ್ಟು ಶಾಣ್ಯಾ ಕಾಣ್ತಾರ, ಬಾಯಾಗ ಏನೇನ್ ಬರ್ತಾವ ನೋಡ್ರಿ!" ಎಂದರು ಕಮಲವ್ವ.

ನಾಣಿ ಶ್ರೀಹರಿಯ ಕತ್ತಿನಪಟ್ಟಿ ಹಿಡಿದ. "ಏನೋ ಇದು? ತಪ್ಪು ಮಾಡಿದೋರನ್ನ ಮಾತ್ರ ಇಡು ಅಂದಿರಲಿಲ್ವೇನೋ?"

"ಹಾಗೇ ಮಾಡಿದೀನಿ ಭಾವ! ಇಡೀ ಕ್ಯಾಸೆಟ್ಟು ಹಿಂದಕ್ಕೂ ಮುಂದಕ್ಕೂ ಓಡಿಸಿ ಹುಡುಕಿದೆ, ನಿಮ್ಮಾಣೆಗೂ. ನೀವೊಬ್ರೇ ಸಿಕ್ಕಿದ್ದು."

ಚಂದ್ರಶೇಖರಯ್ಯನವರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು, ವೃತ್ತಿಧರ್ಮ ಕೈಹಿಡಿಯಿತು. "ನಾಣಿಯವರ, ನನ್ನ ಸರ್ವಿಸಿನಾಗ ಇಂಥಾ ಕೇಸ್ ಬಂದಿದ್ದಿಲ್ಲ ನೋಡ್ರಿ. ಎದುರಿನವ 'ನಾ ತಪ್ಪು ಮಾಡೂದಿಲ್ಲ' ಅಂತ ಕೈ ಮುಗಿಯಾಕತ್ಯಾನ, ನೀವು 'ಮಾಡು' ಅಂತ ಗಂಟು ಬಿದ್ದೀರಿ. ನೀವು ನನ್ನ ಕಡೆ ಕ್ಲೇಮಿಗೆ ಬಂದಿದ್ರ, ಆಟೋದವಗ ಪರಿಹಾರ ಬರದು ಕಳಸ್ತಿದ್ದೆ."

"ಅಪೀಲು!" ಎಂದು ನಾಣಿ ಎದ್ದು ನಿಂತ. "ಇದು ಮೋಸ! ಅವರೆಲ್ಲ ಕ್ಯಾಮರಾ ಕಂಡು ಒಳ್ಳೆಯವರಾದರು! ಕ್ಯಾಮರಾ ಇಲ್ಲದೆ ನೋಡಬೇಕು ಅವರ ಬಣ್ಣ!"

"ಹೌದು ರೀ," ಎಂದಳು ವೇದಾ, ಬಹಳ ಮೃದುವಾಗಿ. "ಅವರು ಕ್ಯಾಮರಾ ದೂರದಿಂದ ಕಂಡಿದ್ದಕ್ಕೇ ಅಷ್ಟು ನಾಚಿಕೊಂಡ್ರು. ನೀವೇ ಅದನ್ನ ತಂದು, ಸೀಟ್ ಕಿತ್ತು, ಬೆಲ್ಟ್ ಹಾಕಿ ಪಕ್ಕದಲ್ಲೇ ಕೂರಿಸ್ಕೊಂಡಿದ್ರಿ. ನಿಮಗೆ ನಾಚಿಕೆ ಬರಲಿಲ್ವಲ್ಲ!"

ಚಾಪೆ ತುಂಬ ಕೂತಿದ್ದ ಹೆಂಗಸರ ನಗುವಿಗೆ ಮಂಡಕ್ಕಿ ಹಾರಿ ಸೀಲಿಂಗ್ ಫ್ಯಾನಿಗೆ ಅಂಟಿತು. ನಾಣಿ ಜೇಬಿನಿಂದ ಕೀ ತೆಗೆದ. ಕನ್ಯಾದಾನ ಮಾಡುವ ತಂದೆಯಂತೆ ಅದನ್ನು ವೇದಾಳ ಅಂಗೈಗೆ ಒಪ್ಪಿಸಿದ. ವೇದಾ ಇನ್ನೊಂದು ಕೈಯನ್ನೂ ಚಾಚಿದಳು. "ಡೂಪ್ಲಿಕೇಟ್?"

ಸೋಮವಾರ ಬೆಳ್ಳಂಬೆಳಗ್ಗೆಯೇ ನಾಣಿ, ಸೀಟು ಮರಳಿ ಬಂದಿದ್ದ ಎಡಗಡೆಗೆ ಹತ್ತಿ ಕೂತಿದ್ದ. ಕಾರ್ಖಾನೆಗೆ ರಜೆ ಹಾಕಿದ್ದ. ಹೆಂಡತಿಯನ್ನು ಒಬ್ಬಳನ್ನೇ ಕಳಿಸುವುದುಂಟೆ? ಗೇಟು ದಾಟುವಷ್ಟರಲ್ಲಿ ಅವನು ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲಡಿಯ ರಬ್ಬರ್ ಮ್ಯಾಟು ತೂತಾಗುವುದರಲ್ಲಿತ್ತು. "ಎಡಕ್ಕೆ! ಬಲಕ್ಕೆ! ಹಾರ್ನ್! ಹಾರ್ನ್ ಒತ್ತು ವೇದಾ, ಹಾರ್ನ್ ಇರೋದು ಯಾಕೆ?" ಟಿನ್ ಫ್ಯಾಕ್ಟರಿ ಬಂತು. ವೇದಾ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹಗುರವಾಗಿ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಇಳೀರಿ."

"ಯಾಕೆ? ಟೈರ್ ಪಂಕ್ಚರಾ?"

"ಅಲ್ಲ. ನನಗೆ ಮೊದಲ್ನೇ ಪೀರಿಯಡ್ಡಿದೆ. ನೀವು ಹಿಂದೆ ಯಾವುದಾದ್ರೂ ಆಟೋದಲ್ಲಿ ಬನ್ನಿ."

ಕಾರು ಹೊರಟೇ ಹೋಯಿತು. ನಾಣಿ ಸಿಕ್ಕಿದ ಆಟೋ ಹತ್ತಿ, "ಆ ಮಾರುತಿ ಹಿಂದೆ ಹೋಗಪ್ಪಾ," ಎಂದ. ಜನ್ಮದಲ್ಲಿ ಮೊದಲ ಬಾರಿಗೆ ಆಟೋದವನೊಬ್ಬನನ್ನು 'ಅಪ್ಪಾ' ಎಂದದ್ದು.

ಹಲಸೂರು ಕೆರೆಯ ತನಕ ಮಾರುತಿ ಎಲ್ಲಿಯೂ ಕೂಗಲಿಲ್ಲ, ಎಲ್ಲಿಯೂ ನುಗ್ಗಲಿಲ್ಲ. ಆಟೋದವನು ಮೆಚ್ಚುಗೆಯಿಂದ ತಲೆಯಾಡಿಸಿದ.

"ಆ ಯಮ್ಮ ಎಷ್ಟು ನೀಟಾಗಿ ಹೊಡೀತಾರೆ ನೋಡಿ ಸಾರ್. ಮುಂಚೆ ಇದೇ ಗಾಡೀನ ಒಬ್ಬ ಹೊಡೀತಿದ್ದ. ಅಬ್ಬಬ್ಬಾ! ಈ ರೋಡಲ್ಲಿ ನಾವೆಲ್ಲ ಅವನ್ನ ಕಂಡ್ರೆ ದೇವರ ಹೆಸರು ಹೇಳ್ಕೊಂಡು ಸೈಡಿಗೆ ಹೋಗ್ಬಿಡ್ತಿದ್ವಿ."

ನಾಣಿ ಗಂಟಲು ಸರಿಮಾಡಿಕೊಂಡ. "ಯಾರು... ಯಾರಂತೆ ಅವನು?"

"ಇನ್ಯಾರಿರ್ತಾರೆ ಸಾರ್, ಅವರ ಡ್ರೈವರು. ಈಗ ಕೆಲ್ಸದಿಂದ ತೆಗ್ದಾಕಿದಾರೆ ಅನ್ಸುತ್ತೆ. ಒಳ್ಳೇದಾಯ್ತು ಬಿಡಿ!"

"ಹೌದು," ಎಂದ ನಾಣಿ, ಆಟೋದ ಮೂಲೆಗೆ ಇನ್ನಷ್ಟು ಸರಿದು ಕೂತು. "ನಿನ್ನೆ ತೆಗೆದ್ರು."